ಒಂದೇ ಬಂಡಿಯಲ್ಲಿ ಬಂದವರು

ಚುನಾವಣೆಗೆ ಮುಂಚಿನ ಭಾನುವಾರ, ಲಾಸ್ ಪೆರಾಲೆಸ್ ಎಸ್ಟೇಟಿನ ಪಾರುಪತ್ಯಗಾರ ದೊನ್ ಬೆಲಿಸಾರಿಯೊ ಹೆಂಗಸರನ್ನೆಲ್ಲ ರೊಟ್ಟಿಮನೆಗೆ ಕರೆಸಿದ. ಗಂಡಸರ ಪಾಠ ದ್ರಾಕ್ಷಾರಸದ ಉಗ್ರಾಣದಲ್ಲಿ ಆಗಲೇ ಮುಗಿದಿತ್ತು. ನಾದುವ ಹಲಗೆಯ ಮೇಲೆ ಹಿಟ್ಟು ಹರಡಿಸಿ, ಅದರಲ್ಲಿ ತೋರುಬೆರಳಿನಿಂದ ಒಂದರ ಕೆಳಗೊಂದು ಅಡ್ಡಗೆರೆಗಳನ್ನು ಎಳೆದ.

"ಒಂದೊಂದು ಗೆರೆಗೂ ಒಬ್ಬೊಬ್ಬ ಮನುಷ್ಯ. ಇದು ನಮ್ಮ ಧಣಿ ಹೇಳಿದೋರ ಗೆರೆ. ಇದರ ಮೇಲೆ ಮಾತ್ರ, ಮೇಲಿಂದ ಕೆಳಕ್ಕೆ ಇನ್ನೊಂದು ಗೆರೆ ಎಳೀಬೇಕು. ಶಿಲುಬೆ ಆಗ್ಬೇಕು. ತಿಳೀತಾ?"

"ಸತ್ತೋರಿಗೆ ನೆಡ್ತಾರಲ್ಲ, ಹಾಗಾ ದೊನ್ ಬೆಲಿಸಾರಿಯೊ?" ಎಂದು ಹಾಲು ಕರೆಯುವ ತ್ರಾನ್ಸಿತೊ ಕೇಳಿದಳು. ಹಿಂದೆ ನಿಂತಿದ್ದವರು ಕಿಸಕ್ಕೆಂದರು.

"ನಗ್ರಿ, ನಗ್ರಿ. ಮುಂಚೆ ಎಷ್ಟು ಸಲೀಸಾಗಿತ್ತು! ಲಕೋಟೆ ಕೈಗೆ ಕೊಡ್ತಿದ್ದೆ, ಪೆಟ್ಟಿಗೆಗೆ ಹಾಕಿ ಬರ್ತಿದ್ರಿ. ರಾಜಧಾನಿ ಸಾಂತಿಯಾಗೊದಲ್ಲಿ ಕೂತೋರಿಗೆ ಬೇರೆ ಕೆಲ್ಸ ಇಲ್ಲ, ಹೊಸ ಕಾಯಿದೆ ಮಾಡ್ತಾರೆ. ನಾನಿಲ್ಲಿ ಮುದುಕೀರ ಕೈ ಹಿಡ್ದು ಗೆರೆ ಎಳೆಯೋದು ಕಲಿಸ್ಬೇಕು." ಅವನು ಕೈಯ ಹಿಟ್ಟನ್ನು ಕೊಡವಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತು, ಒಲೆಯ ಪಕ್ಕದಲ್ಲಿದ್ದ ಎದೆಲ್ಮಿರಾಳನ್ನು ನೋಡಿದ. "ಒಂದೇ ಒಂದು ಚೀಟಿ ಆಚೀಚೆ ಆದ್ರೂ ಯಾರದ್ದು ಅಂತ ಹುಡುಕ್ಕೊಂಡು ಹೋಗೋ ತಾಪತ್ರಯ ನನಗಿಲ್ಲ. ಗಂಡಸಿಲ್ಲದ ಮನೆ ಈ ಎಸ್ಟೇಟಿನಲ್ಲಿ ಒಂದೇ ಇರೋದು."

ಆ ಮನೆ ಎದೆಲ್ಮಿರಾಳದು. ಲಾಸ್ ಪೆರಾಲೆಸ್‌ನಲ್ಲಿ ಮನೆಯೆಂದರೆ ದುಡಿಯುವ ಗಂಡಾಳಿನ ಜೊತೆಗೆ ಬರುವ ವಸ್ತು. ಆಳು ಹೋದರೆ ಮನೆಯೂ ಹೋಗುತ್ತದೆ. ಅವಳ ಗಂಡ ಸೋಯಿಲೊ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಆಳುಗಳಿಗೆ ದಿನವೂ ಹಂಚುವ ದಪ್ಪ ಗೋಧಿರೊಟ್ಟಿಯನ್ನು ಅವಳಷ್ಟು ಹದವಾಗಿ ಬೇಯಿಸುವವರು ಬೇರೆ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅವಳನ್ನು ಅಲ್ಲಿಯೇ ಬಿಟ್ಟಿದ್ದರು. ಬಿಟ್ಟಿದ್ದರು ಎಂಬುದು ಮಾತ್ರ ನಿಜ; ಕೊಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ, ಹಿತ್ತಲ ಬಾಗಿಲಾಚೆ ಕಾಯುತ್ತಿದ್ದ ಇಸ್ಮೇನಿಯಾ ಒಳಗೆ ಬಂದಳು. ಅವಳು ಎಸ್ಟೇಟಿನ ಕಮ್ಮಾರನ ಮಗಳು. ಕೊನ್ಸೆಪ್ಸಿಯೋನ್‌ನಲ್ಲಿ ರಸಾಯನಶಾಸ್ತ್ರ ಓದಿ, ಈಗ ಸಾಂತಾ ರೆಹಿನಾ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದವಳು ಎದೆಲ್ಮಿರಾ. ಆದ್ದರಿಂದ ಅವಳ ಬಾಯಲ್ಲಿ ಇವಳು ಎಂದೆಂದಿಗೂ ಮದ್ರಿನಾ, ಧರ್ಮದ ತಾಯಿ.

"ಕೂತ್ಕೊ. ಗೋಧಿ ಕಾಫಿ ಇದೆ, ತಣ್ಣಗಾಗಿದೆ. ಕಾಯಿಸ್ಲಾ?"

"ಬೇಡ ಮದ್ರಿನಾ. ಪಾಠ ಆಯ್ತಾ?"

"ಆಯ್ತು. ಹಾಳಾಗಿದ್ದು ನನ್ನ ಹಿಟ್ಟು."

ಇಸ್ಮೇನಿಯಾ ಅಂಗೈಯಿಂದ ಹಿಟ್ಟನ್ನು ಸವರಿ ಸಮ ಮಾಡಿದಳು. ಪಾರುಪತ್ಯಗಾರನ ಗೆರೆಗಳು ಅಳಿಸಿಹೋದವು. ಆ ಜಾಗದಲ್ಲಿ ಧಣಿಗೆ ಆಗದ ಇನ್ನೊಬ್ಬ ಅಭ್ಯರ್ಥಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಅದರ ಮುಂದೆ ಅಡ್ಡಗೆರೆ ಎಳೆದಳು. ಎದೆಲ್ಮಿರಾಳಿಗೆ ಓದಲು ಬರುತ್ತಿರಲಿಲ್ಲ. ಓದುಬರಹ ಬಲ್ಲವರಿಗಷ್ಟೇ ಮತ ಎಂದು ಕಾಯಿದೆ ಹೇಳುತ್ತಿದ್ದುದರಿಂದ, ನೋಂದಣಿಗೆ ಬೇಕಾದಷ್ಟು, ಎಂದರೆ ತನ್ನ ಹೆಸರಿನ ಚಿತ್ರ ಬರೆಯುವಷ್ಟು, ಎಸ್ಟೇಟಿನವರೇ ಕಲಿಸಿದ್ದರು. ಈ ಎರಡನೆಯ ಹೆಸರಿನ ಚಿತ್ರವನ್ನು ಕಲಿಸಲು ಇಸ್ಮೇನಿಯಾ ಚಳಿಗಾಲ ಶುರುವಾದ ಜೂನ್ ತಿಂಗಳಿಂದ ಪ್ರತಿ ಭಾನುವಾರ ಬರುತ್ತಿದ್ದಳು.

"ಈ ಮೊದಲನೇ ಅಕ್ಷರ ಕೊಕ್ಕೆ ಥರ. ಕೊನೇದು ಬಾಗಿದ ಕುಡುಗೋಲು," ಎಂದಳು ಎದೆಲ್ಮಿರಾ, ಪಾಠ ಒಪ್ಪಿಸುವವಳಂತೆ. ಆಮೇಲೆ, "ಅವನು ಹೇಳಿದ್ದು ಕೇಳಿಸ್ಕೊಂಡ್ಯಾ?" ಎಂದಳು.

"ಕೇಳಿಸ್ಕೊಂಡೆ. ಬರೀ ಬೆದರಿಕೆ. ಅವರಿಗೆ ಗೊತ್ತಾಗೋದು ಸಾಧ್ಯವೇ ಇಲ್ಲ."

ಇಸ್ಮೇನಿಯಾ ಮತ್ತೊಮ್ಮೆ ಕ್ರಮವಾಗಿ ವಿವರಿಸಿದಳು. ಮೊದಲು ಒಂದೊಂದು ಪಕ್ಷವೂ ತನ್ನ ಚೀಟಿಯನ್ನು ತಾನೇ ಅಚ್ಚು ಹಾಕಿಸುತ್ತಿತ್ತು. ಕಾಗದದ ದಪ್ಪ, ಬಣ್ಣ ಬೇರೆಬೇರೆ. ಧಣಿಯ ಮನೆಯಿಂದ ಹೊರಟ ಲಕೋಟೆಯ ಮೇಲೆ ಪೆಟ್ಟಿಗೆಯವರೆಗೂ ಕಣ್ಣಿಡಬಹುದಿತ್ತು. ಈಗ ಸರ್ಕಾರದ್ದೇ ಅಚ್ಚು, ಎಲ್ಲ ಹೆಸರುಗಳೂ ಒಂದೇ ಹಾಳೆಯ ಮೇಲೆ. ಆ ಹಾಳೆ ಮತಗಟ್ಟೆಯ ಮೇಜಿನಲ್ಲಲ್ಲದೆ ಬೇರೆಲ್ಲಿಯೂ ಸಿಗದು. ಗೆರೆ ಎಳೆಯುವುದು ಪರದೆಯ ಹಿಂದೆ, ಮಡಿಸಿ ಅಂಟಿಸುವುದೂ ಅಲ್ಲಿಯೇ. ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಯಾವುದು ಯಾರದೆಂದು ದೇವರಿಗೂ ತಿಳಿಯದು. ಈ ಸರಪಳಿಯನ್ನು ಅವಳು ಕೊಂಡಿಕೊಂಡಿಯಾಗಿ ಎಳೆದು ನೋಡಿದ್ದಳು, ಎಲ್ಲಿಯೂ ಸಡಿಲವಿರಲಿಲ್ಲ.

"ಇಷ್ಟು ಸಲ ಹಾಕಿದೀನಿ, ಹಾಕಿದ್ದು ಏನು ಅಂತ ಒಂದ್ಸಲಾನೂ ನೋಡಿಲ್ಲ ಕಣೇ," ಎಂದಳು ಎದೆಲ್ಮಿರಾ. "ಬೇರೆಯೋರ ಕಾಗದ ಅಂಚೆಗೆ ಹಾಕಿ ಬಂದ ಹಾಗೆ. ಸೋಯಿಲೊ ಅಂತೂ ಸಾಯೋತನಕ ಹಾಗೇ ಹಾಕ್ದ. ಒಂದ್ಸಲ ನಂದು ನಾನು ಹಾಕ್ಬೇಕು. ಗೆಲ್ಲೋದು ಸೋಲೋದು ಆಮೇಲಿನ ಮಾತು." ಅವಳು ಹಲಗೆಯ ಮೇಲಿನ ಹೆಸರನ್ನು ದಿಟ್ಟಿಸಿದಳು. "ಆದ್ರೆ ಈ ವಯಸ್ಸಲ್ಲಿ ಮಂಚ ಹೊತ್ಕೊಂಡು ರಸ್ತೇಲಿ ನಿಲ್ಲೋದು ನನ್ನ ಕೈಲಾಗಲ್ಲ. ಗೊತ್ತಾಗಲ್ಲ ತಾನೆ?"

"ಗೊತ್ತಾಗಲ್ಲ."

"ನೀನು ಓದಿದೋಳು. ನೀನು ಹೇಳಿದ್ರೆ ಸರಿ," ಎಂದು ಎದೆಲ್ಮಿರಾ ಹಿಟ್ಟಿನ ಮೇಲೆ ನೀರು ಚಿಮುಕಿಸಿದಳು. ಸೋಮವಾರದ ರೊಟ್ಟಿಗೆ ನಾದುವ ಹೊತ್ತಾಗಿತ್ತು.

ಚುನಾವಣೆಯ ದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಂಗಸರಿಗೆಂದು ಎರಡು ಮೇಜುಗಳಿದ್ದವು. ಮತದಾನ ನಡೆಸುವ ಕೆಲಸಕ್ಕೆ ಇಸ್ಮೇನಿಯಾಳನ್ನು ಎರಡನೆಯದಕ್ಕೆ ಹಾಕಿದ್ದರು. ಮೇಜಿನ ಅಧ್ಯಕ್ಷೆ ದೋನ್ಯಾ ಪ್ರಾಕ್ಸೆದೆಸ್, ಅಂಚೆ ಕಚೇರಿಯವಳು. ಕಾಲು ಊದುತ್ತದೆಂದು ಮನೆಯಿಂದಲೇ ಒಂದು ಮಣೆ ತಂದು ಕೆಳಗಿಟ್ಟುಕೊಂಡಿದ್ದಳು. ಪೆಟ್ಟಿಗೆ ಖಾಲಿಯೆಂದು ಎಲ್ಲರಿಗೂ ತೋರಿಸಿ ಬೀಗ ಹಾಕಿದ ಮೇಲೆ, ಸಹಿ ತಾಳೆ ನೋಡಲೆಂದು ಇಸ್ಮೇನಿಯಾ ನೋಂದಣಿ ಪುಸ್ತಕವನ್ನು ತೆರೆದಳು.

ಮೊದಲ ಹೆಸರು ಆವ್ರಿಸ್ತೆಲಾ, ದೊನ್ ಬೆಲಿಸಾರಿಯೊನ ಹೆಂಡತಿ. ಅನಂತರ ತ್ರಾನ್ಸಿತೊ. ಅನಂತರ ತೋಟದ ಕಾವಲುಗಾರನ ಮೂವರು ಸೊಸೆಯಂದಿರು. ಪುಟ ತಿರುವಿದಳು. ಎದೆಲ್ಮಿರಾ. ಇನ್ನೊಂದು ಪುಟ. ಎಲ್ಲರ ವಿಳಾಸವೂ ಒಂದೇ, ಲಾಸ್ ಪೆರಾಲೆಸ್. ತಾರೀಕೂ ಒಂದೇ. ಮೂವತ್ತೆಂಟು ಸಹಿಗಳಾದ ಮೇಲೆ ಪುಸ್ತಕ ಖಾಲಿ.

ಆ ದಿನ ಅವಳಿಗೂ ನೆನಪಿತ್ತು. ಹಿಂದಿನ ಅಧ್ಯಕ್ಷರ ಚುನಾವಣೆಗೆ ಮುಂಚೆ, ಧಣಿ ತನ್ನ ಹೆಂಗಸರನ್ನೆಲ್ಲ ಒಂದೇ ಬಂಡಿಯಲ್ಲಿ ತುಂಬಿ ನೋಂದಣಿಗೆ ಕಳಿಸಿದ್ದ. ಮೊದಲನೆಯ ಪುಸ್ತಕ ತುಂಬಿ, ಅವರಿಗೆಂದೇ ಎರಡನೆಯದು ತೆರೆಯಬೇಕಾಯಿತು. ಪಟ್ಟಣದ ಹೆಂಗಸರ ನೋಂದಣಿ ಅಷ್ಟರಲ್ಲೇ ಮುಗಿದಿದ್ದರಿಂದ ಆಮೇಲೆ ಯಾರೂ ಬರಲಿಲ್ಲ. ಒಂದು ಪುಸ್ತಕಕ್ಕೆ ಒಂದು ಮೇಜು, ಒಂದು ಮೇಜಿಗೆ ಒಂದು ಪೆಟ್ಟಿಗೆ. ಸಂಜೆ ಈ ಪೆಟ್ಟಿಗೆಯಿಂದ ಹೊರಬೀಳುವುದು ಲಾಸ್ ಪೆರಾಲೆಸ್‌ನ ಹೆಂಗಸರ ಮತಗಳು ಮಾತ್ರ. ಅದರಲ್ಲಿ ಬೇರೆಯದೊಂದೇ ಒಂದಿದ್ದರೆ, ಪಾರುಪತ್ಯಗಾರ ಹೇಳಿದಂತೆ, ಹುಡುಕುವ ತಾಪತ್ರಯವೇ ಇಲ್ಲ. ಇಸ್ಮೇನಿಯಾ ಪರೀಕ್ಷಿಸಿದ್ದು ಒಂದು ಚೀಟಿಯ ದಾರಿಯನ್ನು, ಪೆಟ್ಟಿಗೆಯನ್ನು ಪರೀಕ್ಷಿಸಿರಲಿಲ್ಲ.

"ಏನೇ ಹುಡುಗಿ, ದೆವ್ವ ಮೆಟ್ಟಿದೋರ ಥರ ಕೂತಿದೀಯ?" ಎಂದಳು ದೋನ್ಯಾ ಪ್ರಾಕ್ಸೆದೆಸ್.

"ಈ ಪುಸ್ತಕದಲ್ಲಿ ಎಸ್ಟೇಟಿನವರನ್ನ ಬಿಟ್ಟು ಬೇರೆ ಯಾರೂ ಇಲ್ಲ, ದೋನ್ಯಾ."

"ಇಲ್ದೇ ಇರೋದೇ ಪುಣ್ಯ. ಆ ಕಡೆ ಮೇಜು ನೋಡು, ಸಾಲು ಚರ್ಚಿನ ತನಕ ಹೋಗಿದೆ."

"ಎರಡೂ ಪೆಟ್ಟಿಗೆ ಒಟ್ಟಿಗೆ ಸುರಿದು ಎಣಿಸಿದ್ರೆ ಆಗಲ್ವಾ?"

"ಕಾಯಿದೆ ಏನನ್ನುತ್ತೆ?"

"ಪ್ರತಿ ಮೇಜಿನದನ್ನೂ ಬೇರೆಬೇರೆಯಾಗಿ ಎಣಿಸ್ಬೇಕು. ಗಟ್ಟಿಯಾಗಿ ಓದ್ಬೇಕು. ಫಲಿತಾಂಶ ಬಾಗಿಲಿಗೆ ಅಂಟಿಸ್ಬೇಕು."

"ಬಾಯಿಪಾಠ ನೀನೇ ಒಪ್ಪಿಸಿದ್ಯಲ್ಲ, ಮತ್ತೆ ನನ್ನನ್ನ ಯಾಕೆ ಕೇಳ್ತೀಯ? ಯಾರೂ ಕದೀಬಾರ್ದು ಅಂತ ಮಾಡಿರೋದು ಅದು. ಒಳ್ಳೇ ಕಾಯಿದೆ." ಅವಳು ಕಾಲನ್ನು ಮಣೆಯ ಮೇಲೆ ಸರಿಮಾಡಿಕೊಂಡಳು. "ಒಳ್ಳೇ ಕಾಯಿದೆಗಳಿಂದಾನೇ ನನಗೆ ಸೊಂಟನೋವು ಬಂದಿದ್ದು."

ಬಂಡಿ ಬಂದಾಗ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಮುಂದಿನ ದಿಂಬಿನ ಮೇಲೆ ಆವ್ರಿಸ್ತೆಲಾ, ಹಿಂದೆ ಹುಲ್ಲಿನ ಮೇಲೆ ಉಳಿದವರು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಸೈನಿಕ ಎತ್ತುಗಳನ್ನು ದೂರ ಕಟ್ಟಿಸಿದ. ದೊನ್ ಬೆಲಿಸಾರಿಯೊ ಧಣಿಯ ಅಭ್ಯರ್ಥಿಯ ಏಜೆಂಟನಾಗಿ ಒಳಗೆ ಬಂದು, ಕಾಗದ ತೋರಿಸಿ, ಮೇಜಿನ ಬದಿಗೇ ಕುರ್ಚಿ ಎಳೆದುಕೊಂಡು ಕುಳಿತ. ಎಣಿಕೆ ಮುಗಿಯುವವರೆಗೆ ಬಂಡಿ ಹೊರಡುವುದಿಲ್ಲವೆಂದು ಎಲ್ಲರಿಗೂ ಆಗಲೇ ಹೇಳಿಯಾಗಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಬಂದರು, ಪರದೆಯ ಹಿಂದೆ ಹೋದರು, ಮಡಿಸಿದ ಚೀಟಿ ಹಿಡಿದು ಹೊರಬಂದರು. ಆವ್ರಿಸ್ತೆಲಾ ಪರದೆಯ ಹಿಂದೆ ಬಹಳ ಹೊತ್ತು ಉಳಿದಾಗ ಅವಳ ಗಂಡ ಕೆಮ್ಮಿದ.

"ನಿದ್ದೆ ಬಂತೇನೇ?"

"ಕನ್ನಡಕ ಮರ್ತು ಬಂದಿದೀನಿ. ನೀವು ಅವಸರ ಮಾಡಿಸಿದ್ದಕ್ಕೇ," ಎಂಬ ಉತ್ತರ ಪರದೆಯೊಳಗಿಂದ ಬಂತು.

ಎದೆಲ್ಮಿರಾಳ ಸರದಿ ಬಂದಾಗ ಇಸ್ಮೇನಿಯಾ ಅವಳ ಕೈಯನ್ನೇ ನೋಡಿದಳು. ಉಗುರುಗಳ ಬುಡದಲ್ಲಿ ಹಿಟ್ಟು ಒಣಗಿತ್ತು. ಸಹಿಯ ಚಿತ್ರವನ್ನು ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಹೇಳುವುದಾದರೆ ಈ ಗಳಿಗೆಯಲ್ಲಿಯೇ ಹೇಳಬೇಕು, ಅದೂ ಪಾರುಪತ್ಯಗಾರನ ಕಿವಿಗೆ ಬಿದ್ದರೂ ತೊಂದರೆಯಾಗದ ಹಾಗೆ. ಅಂಥ ಮಾತು ಒಂದೇ ಇತ್ತು.

"ಮದ್ರಿನಾ," ಎಂದಳು ಚೀಟಿ ಕೊಡುತ್ತ, "ದೊನ್ ಬೆಲಿಸಾರಿಯೊ ಕಲಿಸಿದ ಹಾಗೇ ಮಾಡಿ."

ಪಾರುಪತ್ಯಗಾರನ ಹುಬ್ಬು ಮೇಲಕ್ಕೇರಿತು. "ಭೇಷ್! ಪಟ್ಟಣಕ್ಕೆ ಹೋದ್ಮೇಲೆ ಬುದ್ಧಿ ಬಂದಿದೆ ಹುಡುಗೀಗೆ."

"ಬಾಯಿ ಮುಚ್ಚೇ!" ದೋನ್ಯಾ ಪ್ರಾಕ್ಸೆದೆಸ್ ಮೇಜು ಕುಟ್ಟಿದಳು. "ಮೇಜಿನಲ್ಲಿ ಕೂತೋರು ಹಾಗೆಲ್ಲ ಹೇಳೋ ಹಾಗಿಲ್ಲ. ಇನ್ನೊಂದ್ಸಲ ತುಟಿ ಬಿಚ್ಚಿದ್ರೆ ಎಬ್ಬಿಸಿ ಕಳಿಸ್ತೀನಿ. ನೀವೂ ಅಷ್ಟೇ, ದೊನ್ ಬೆಲಿಸಾರಿಯೊ. ಏಜೆಂಟು ನೋಡೋಕಿರೋದು, ಭೇಷ್ ಅನ್ನೋಕಲ್ಲ."

ಎದೆಲ್ಮಿರಾ ಧರ್ಮದ ಮಗಳ ಮುಖವನ್ನು ನೋಡಿದಳು. ನೋಡಿದವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಡೀ ಚಳಿಗಾಲ ಕಾದು ಕೂತ ರೈಲು ಈ ಊರಲ್ಲಿ ನಿಲ್ಲುವುದಿಲ್ಲವಂತೆ ಎಂದು ಕೇಳಿದವರ ಮುಖ ಅದು. "ಈಗ ಹೇಳ್ತೀಯಾ?" ಎಂದಳು, ಅಷ್ಟೇ. ಪರದೆ ಅವಳ ಹಿಂದೆ ಮುಚ್ಚಿಕೊಂಡಿತು.

ಹೊರಬಂದವಳು ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಯಾರ ಕಡೆಗೂ ತಿರುಗದೆ ಬಂಡಿಯತ್ತ ನಡೆದಳು.

ಆಮೇಲಿನ ಹಗಲು ಉದ್ದವಾಗಿತ್ತು. ಪಕ್ಕದ ಮೇಜಿನ ಗದ್ದಲ ಕೇಳುತ್ತಿತ್ತು; ಈ ಮೇಜಿಗೆ ಬರಬೇಕಾದವರು ಯಾರೂ ಉಳಿದಿರಲಿಲ್ಲ. ಆದರೂ ಕಾಯಿದೆಯ ಹೊತ್ತಿನವರೆಗೆ ಪೆಟ್ಟಿಗೆ ಕಾಯಬೇಕು. ದೊನ್ ಬೆಲಿಸಾರಿಯೊ ತೂಕಡಿಸಿದ. ದೋನ್ಯಾ ಪ್ರಾಕ್ಸೆದೆಸ್ ಬೇಯಿಸಿದ ಮೊಟ್ಟೆ ಸುಲಿದು ಎಲ್ಲರಿಗೂ ಅರ್ಧರ್ಧ ಕೊಟ್ಟಳು, ಅವನಿಗೂ. ಕಿಟಕಿಯಾಚೆ ಬಂಡಿಯ ನೆರಳಿನಲ್ಲಿ ಹೆಂಗಸರು ಕಾಲು ಚಾಚಿ ಕೂತಿದ್ದರು. ಇಸ್ಮೇನಿಯಾಳಿಗೆ ಎರಡು ಭಯಗಳಿದ್ದವು, ಅವು ಒಂದಕ್ಕೊಂದು ವಿರುದ್ಧವಾಗಿದ್ದವು. ಮದ್ರಿನಾ ತನ್ನ ಮಾತು ಕೇಳದಿದ್ದರೆ ಮನೆ ಹೋಗುತ್ತದೆ. ಕೇಳಿದ್ದರೆ, ಆ ಒಂದು ಸಲವೂ ಅವಳ ಕೈತಪ್ಪಿ ಹೋಯಿತು, ಅದನ್ನು ಕಿತ್ತುಕೊಂಡದ್ದು ಧಣಿಯಲ್ಲ.

ಹೊತ್ತು ಮುಗಿಯಿತು. ಬೀಗ ತೆರೆದರು. ದೋನ್ಯಾ ಪ್ರಾಕ್ಸೆದೆಸ್ ಒಂದೊಂದೇ ಚೀಟಿ ಬಿಚ್ಚಿ ಕೊಡುವುದು, ಇಸ್ಮೇನಿಯಾ ಗೆರೆ ಬಿದ್ದ ಹೆಸರನ್ನು ಗಟ್ಟಿಯಾಗಿ ಓದುವುದು ಎಂದಾಯಿತು. ಮೊದಲಿಗೆ ಬಂದದ್ದೆಲ್ಲ ಧಣಿಯ ಅಭ್ಯರ್ಥಿಯ ಹೆಸರು. ಪಾರುಪತ್ಯಗಾರ ಪ್ರತಿ ಸಲವೂ ಪೆನ್ಸಿಲಿನಿಂದ ಕಾಗದ ಕುಕ್ಕುತ್ತಿದ್ದ. ಗೆರೆಗಳು ಕೆಲವು ನಡುಗಿದ್ದವು, ಕೆಲವು ಕಾಗದ ಹರಿಯುವಷ್ಟು ಒತ್ತಿದ್ದವು. ಆಮೇಲೆ ಅವಳ ಕೈಗೆ ಬಂದ ಹಾಳೆಯಲ್ಲಿ ಗೆರೆ ಬೇರೆ ಕಡೆ ಇತ್ತು. ಮೊದಲನೆಯ ಅಕ್ಷರ ಕೊಕ್ಕೆ. ಕೊನೆಯದು ಬಾಗಿದ ಕುಡುಗೋಲು.

"ಓದೇ," ಎಂದಳು ದೋನ್ಯಾ ಪ್ರಾಕ್ಸೆದೆಸ್.

ಬೇರೆ ಹೆಸರು ಓದಿದರೆ ಯಾರು ಕೇಳುತ್ತಾರೆ ಎಂಬ ಯೋಚನೆ ಬಂದು ಹೋಯಿತು. ಆದರೆ ಏಜೆಂಟ್ ಕತ್ತು ನೀಡಿ ನೋಡುತ್ತಿದ್ದ. ಅವನು ಇಲ್ಲದಿದ್ದರೂ, ಹಾಗೆ ಓದಿದ ಮೇಲೆ ಈ ಇಡೀ ದಿನಕ್ಕೆ ಅರ್ಥವೇನು? ಅವಳು ಇದ್ದದ್ದನ್ನೇ ಓದಿದಳು.

ಪೆನ್ಸಿಲು ನಿಂತಿತು. ದೊನ್ ಬೆಲಿಸಾರಿಯೊ ಕಿಟಕಿಯತ್ತ ತಿರುಗಿ, ಎತ್ತುಗಳ ಪಕ್ಕದಲ್ಲಿ ಒಬ್ಬಳೇ ಕೂತಿದ್ದ ಎದೆಲ್ಮಿರಾಳನ್ನು ನೋಡಿದ. "ಹೇಳಿದ್ನಲ್ಲ," ಎಂದ, ಯಾರಿಗೆಂದಿಲ್ಲದೆ. ಗೆದ್ದ ದನಿಯೇನೂ ಆಗಿರಲಿಲ್ಲ. ಇನ್ನು ಹೊಸ ರೊಟ್ಟಿಯವಳನ್ನು ಹುಡುಕಬೇಕಲ್ಲ ಎಂಬ ಬೇಸರವೇ ಇತ್ತು.

ಮುಂದಿನದು ಧಣಿಯದು. ಅದರ ಮುಂದಿನದು ಮತ್ತೆ ಕೊಕ್ಕೆ, ಕುಡುಗೋಲು.

ಇಸ್ಮೇನಿಯಾ ಓದಿದಳು. ತಾನು ಕಲಿಸಿದ್ದು ಒಬ್ಬಳಿಗೆ. ಇದು ಯಾರದು? ಇನ್ನೊಂದು ಬಂತು. ಅದಾದ ಮೇಲೆ ಗೆರೆಯೇ ಇಲ್ಲದ ಬಿಳಿಯ ಹಾಳೆ. ಆಮೇಲೆ ಸಾಲಾಗಿ ಮೂರು, ಮೂರೂ ಆ ಹೆಸರಿಗೇ. ಪಾರುಪತ್ಯಗಾರ ಕುರ್ಚಿಯಿಂದ ಎದ್ದು ನಿಂತ. ಕೊನೆಯ ಚೀಟಿ ಮುಗಿದಾಗ ಧಣಿಯ ಅಭ್ಯರ್ಥಿಗೆ ಇಪ್ಪತ್ತೈದು, ಖಾಲಿ ಎರಡು, ಆ ಇನ್ನೊಂದು ಹೆಸರಿಗೆ ಹನ್ನೊಂದು.

"ಇನ್ನೊಂದ್ಸಲ ಎಣಿಸಿ," ಎಂದ ದೊನ್ ಬೆಲಿಸಾರಿಯೊ.

ಎಣಿಸಿದರು. ಹನ್ನೊಂದೇ.

ಅವನು ಕಿಟಕಿಯ ಬಳಿ ಹೋಗಿ ನಿಂತ. ಬೆರಳು ಮಡಿಸುತ್ತಿದ್ದುದು ಬೆನ್ನ ಹಿಂದಿನಿಂದಲೂ ಕಾಣುತ್ತಿತ್ತು. ಹಾಲು ಕರೆಯುವವರು, ಕಾವಲುಗಾರನ ಸೊಸೆಯಂದಿರು, ಧಣಿಯ ಮನೆಯ ಬಟ್ಟೆ ಒಗೆಯುವವಳು. ಅವನ ನೋಟ ಒಬ್ಬೊಬ್ಬರ ಮೇಲೂ ನಿಂತು ಮುಂದೆ ಸರಿಯಿತು. ಕೊನೆಗೆ ಮುಂದಿನ ದಿಂಬಿನ ಮೇಲೆ ಬಂದು ನಿಂತಿತು. ಆವ್ರಿಸ್ತೆಲಾ ಕಿತ್ತಳೆ ಸುಲಿಯುತ್ತಿದ್ದಳು. ಕನ್ನಡಕ ಮೂಗಿನ ಮೇಲಿತ್ತು.

ಬಹಳ ಹೊತ್ತಿನ ನಂತರ ಅವನು ಇಸ್ಮೇನಿಯಾಳ ಬಳಿ ಬಂದು, ದನಿ ತಗ್ಗಿಸಿ ಕೇಳಿದ. "ನೀನು ಭಾನುವಾರ ಭಾನುವಾರ ಬರ್ತಿದ್ದೆ. ನಿನಗೆ ಗೊತ್ತಿರುತ್ತೆ. ಯಾರ್ಯಾರು?"

"ಗೊತ್ತಿಲ್ಲ, ದೊನ್ ಬೆಲಿಸಾರಿಯೊ."

"ಒಂದಾದ್ರೂ ಹೇಳು."

"ಒಂದೂ ಗೊತ್ತಿಲ್ಲ."

ಅದು ನಿಜವಾಗಿತ್ತು. ಬೆಳಗಿನಿಂದ ಅವನೆದುರು ಅವಳಾಡಿದ ಮಾತುಗಳಲ್ಲಿ ಸಂಪೂರ್ಣ ನಿಜವಾದದ್ದು ಅದೊಂದೇ. ಹನ್ನೊಂದರಲ್ಲಿ ಮದ್ರಿನಾಳದು ಇತ್ತೋ, ಅಥವಾ ಹನ್ನೊಂದು ಮಂದಿ ಬೇರೆಯವರೇ ತಮ್ಮತಮ್ಮ ಒಲೆಯ ಮುಂದೆ ಒಂಟಿಯಾಗಿ ಹೆದರಿಕೊಂಡು ಕಲಿತು ಬಂದಿದ್ದರೋ, ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅವನು ಹ್ಯಾಟು ಹಾಕಿಕೊಂಡು ಹೊರಗೆ ಹೋದ. ಇಸ್ಮೇನಿಯಾ ಫಲಿತಾಂಶದ ಹಾಳೆ ಮತ್ತು ಅಂಟಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಬಂಡಿಯ ಬಳಿಯ ಮಾತುಗಳು ಕೇಳುತ್ತಿದ್ದವು.

"ಎದೆಲ್ಮಿರಾ! ನಾಳೆಯಿಂದ ರೊಟ್ಟಿ ಸಣ್ಣದು ಮಾಡು. ಕಾಲು ಭಾಗ ಕಡಿಮೆ. ಎಲ್ಲರದ್ದೂ."

"ಆಗ್ಲಿ. ನಿಮ್ಮನೇದೂ ಸೇರಿಸಿಯಾ, ದೊನ್ ಬೆಲಿಸಾರಿಯೊ?"

ಯಾರೂ ನಗಲಿಲ್ಲ. ತ್ರಾನ್ಸಿತೊ ಮಾತ್ರ ಸೆರಗಿನಂತೆ ಹೊದ್ದ ಶಾಲನ್ನು ಬಾಯಿಗೆ ಒತ್ತಿಕೊಂಡಳು. ಆವ್ರಿಸ್ತೆಲಾ ಕಿತ್ತಳೆಯ ಒಂದು ತೊಳೆಯನ್ನು ಗಂಡನ ಕಡೆ ಚಾಚಿದಳು, ಅವನು ತೆಗೆದುಕೊಳ್ಳಲಿಲ್ಲ.

ಎತ್ತು ಹೂಡುವಷ್ಟರಲ್ಲಿ ಎದೆಲ್ಮಿರಾ ಬಾಗಿಲ ಬಳಿಗೆ ಬಂದಳು. ಇಸ್ಮೇನಿಯಾ ಪುಸ್ತಕದ ವಿಷಯವನ್ನು ಹೇಳಿದಳು: ಒಂದೇ ಬಂಡಿ, ಒಂದೇ ದಿನ, ಒಂದೇ ಪೆಟ್ಟಿಗೆ; ತಾನು ಅದನ್ನು ಮೊದಲೇ ಯೋಚಿಸಬೇಕಿತ್ತು, ಬೆಳಿಗ್ಗೆ ಆಡಿದ ಮಾತು ಅದಕ್ಕೇ. ಎದೆಲ್ಮಿರಾ ಪೂರ್ತಿ ಕೇಳಿದಳು.

"ಹೋಗ್ಲಿ ಬಿಡು. ಮನೆ ಉಳೀತು. ಹನ್ನೊಂದು ಮನೆ ಖಾಲಿ ಮಾಡಿಸಿದ್ರೆ ಹಸು ತನ್ನ ಹಾಲು ತಾನೇ ಕರ್ಕೊಳಲ್ಲ."

"ಮದ್ರಿನಾ, ಆ ಪರದೆ ಹಿಂದೆ ನೀವು..."

"ಕೇಳ್ಬೇಡ."

"ನನಗೂ ಹೇಳಲ್ವಾ?"

"ಗೊತ್ತಾಗಲ್ಲ ಅಂತ ಹೇಳಿದೋಳು ನೀನೇ ಅಲ್ವಾ?" ಅವಳು ಇಸ್ಮೇನಿಯಾಳ ಕೆನ್ನೆಗೆ ಅಂಟಿದ್ದ ಅಂಟಿನ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಸಾಕಾಗಿದೆ ಕಣೇ ಮಗಳೇ. ಬೆಳಿಗ್ಗಿಂದ ಬಿಸ್ಲಲ್ಲಿ ಕೂತು ಸೊಂಟ ಬಿದ್ದೋಗಿದೆ. ಇನ್ನು ಹೋಗಿ ನಾದ್ಬೇಕು. ಭಾನುವಾರ ಬಾ."

ಬಂಡಿ ಹೊರಟಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ, ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿದ್ದರು. ರಾಜಧಾನಿಯಲ್ಲಿ ಧಣಿಯ ಅಭ್ಯರ್ಥಿಯೇ ಮುಂದಿದ್ದಾನೆಂದು ಅಂಚೆಯ ಹುಡುಗ ಕೂಗಿಕೊಂಡು ಹೋದ. ಬಂಡಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಇಸ್ಮೇನಿಯಾ ಹಾಳೆಯ ನಾಲ್ಕು ಮೂಲೆಗೂ ಅಂಟು ಹಚ್ಚಿ, ಕಾಯಿದೆ ಹೇಳಿದಂತೆ ಎಲ್ಲರಿಗೂ ಕಾಣುವ ಎತ್ತರದಲ್ಲಿ ಬಾಗಿಲಿಗೆ ಒತ್ತಿದಳು. ಗಾಳಿಗೆ ಒಂದು ಮೂಲೆ ಎದ್ದಿತು. ಅದನ್ನು ಹಿಡಿದುಕೊಂಡು, ಅಂಟು ಒಣಗುವವರೆಗೂ ಅಲ್ಲಿಯೇ ನಿಂತಳು.